ಕೆಂಪಯ್ಯ ಮತ್ತು ಕಾವಲಿನ ಆಟ: ಮೈಸೂರು ರಾಜ್ಯದ ಫುಟ್‌ಬಾಲಿನ ಒಂದು ಅಧ್ಯಾಯ



ನವೆಂಬರ್ ಬಂತೆಂದರೆ ಜೆಬೆಲ್ ಅಲಿಯ ನಮ್ಮ ಬಳಗಕ್ಕೆ ಎರಡು ಕೆಲಸಗಳು. ಒಂದು, ರಾಜ್ಯೋತ್ಸವದ ಸಿದ್ಧತೆ. ಇನ್ನೊಂದು, ಬಿಸಿಲು ಇಳಿದ ಮೇಲೆ ಮಕ್ಕಳ ಫುಟ್‌ಬಾಲ್ ಅಭ್ಯಾಸವನ್ನು ಮತ್ತೆ ಆರಂಭಿಸುವುದು. ಈ ಸಲ ಅಭ್ಯಾಸದ ಮೊದಲ ಸಂಜೆಯೇ ಒಬ್ಬ ಹುಡುಗ ಮುಖ ಊದಿಸಿಕೊಂಡು ಕುಳಿತಿದ್ದ. ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಅಂಕಲ್, ನನ್ನನ್ನು ಯಾವಾಗಲೂ ಬ್ಯಾಕ್ ಆಡಿಸ್ತೀರಿ. ಬ್ಯಾಕ್ ಆಡಿದವರ ಹೆಸರು ವಾರ್ತಾಪತ್ರದಲ್ಲಿ ಬರೋದೇ ಇಲ್ಲ."

ನಾವು ನಕ್ಕು ಸಮಾಧಾನ ಹೇಳಿ ಕಳುಹಿಸಿದೆವು. ಆದರೆ ಮನೆಗೆ ಬಂದು ಹಿಂದಿನ ಎರಡು ವರ್ಷಗಳ ವಾರ್ತಾಪತ್ರಗಳನ್ನು ತೆರೆದು ನೋಡಿದಾಗ ನಗು ಉಳಿಯಲಿಲ್ಲ. ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಪ್ರತಿ ಪಂದ್ಯದ ವರದಿಯಲ್ಲೂ ಗೋಲು ಹೊಡೆದ ಮಕ್ಕಳ ಹೆಸರುಗಳಿದ್ದವು. ಗೋಲು ಆಗದಂತೆ ತಡೆದವರ ಹೆಸರು ಒಂದೇ ಒಂದು ಕಡೆಯೂ ಇರಲಿಲ್ಲ. ವರದಿ ಬರೆದವರು ಬೇರೆ ಯಾರೂ ಅಲ್ಲ, ನಾವೇ.

ಆ ತಪ್ಪಿನ ಅರಿವಿನಿಂದಲೇ ಈ ಲೇಖನ ಹುಟ್ಟಿತು. ರಾಜ್ಯೋತ್ಸವದ ಸಂಚಿಕೆಯಲ್ಲಿ ಕವಿಗಳನ್ನೂ ಏಕೀಕರಣದ ಹೋರಾಟಗಾರರನ್ನೂ ನೆನೆಯುವುದು ನಮ್ಮ ವಾಡಿಕೆ. ಈ ಸಲ ಅವರ ಜೊತೆಗೆ ಒಬ್ಬ ಫುಟ್‌ಬಾಲ್ ಆಟಗಾರರನ್ನೂ ನೆನೆಯೋಣ. ಅವರ ಹೆಸರು ಮಾರಿಯಪ್ಪ ಕೆಂಪಯ್ಯ. 1956ರ ಮೆಲ್ಬರ್ನ್ ಮತ್ತು 1960ರ ರೋಮ್, ಈ ಎರಡೂ ಒಲಿಂಪಿಕ್ಸ್‌ಗಳ ಭಾರತ ಫುಟ್‌ಬಾಲ್ ತಂಡದಲ್ಲಿದ್ದ ನಮ್ಮ ನಾಡಿನವರು. ಅವರು ಆಡುತ್ತಿದ್ದುದು ಹಾಫ್ ಬ್ಯಾಕ್ ಸ್ಥಾನದಲ್ಲಿ, ಎಂದರೆ ಎದುರಾಳಿಯ ಮುನ್ನುಗ್ಗುವವರಿಗೂ ನಮ್ಮ ಗೋಲು ಕಂಬಕ್ಕೂ ನಡುವೆ.

ಒಂದು ತಿಂಗಳ ಅಂತರ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಹಳೆಯ ಮೈಸೂರಿಗೆ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳು, ಹೈದರಾಬಾದ್ ರಾಜ್ಯದ ಬೀದರ, ಗುಲ್ಬರ್ಗ, ರಾಯಚೂರು, ಮದರಾಸಿನ ದಕ್ಷಿಣ ಕನ್ನಡ, ಜೊತೆಗೆ ಕೊಡಗು ಸೇರಿದವು. ಅಂದು ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಏಕೀಕರಣವಾಗಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಭಾರತದ ಫುಟ್‌ಬಾಲ್ ತಂಡ ಮೆಲ್ಬರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಒಲಿಂಪಿಕ್ಸ್‌ನ ಸೆಮಿಫೈನಲ್ ಮುಟ್ಟಿತು. ಏಷ್ಯದ ಯಾವ ದೇಶವೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ. ನಮ್ಮ ಮಕ್ಕಳಿಗೆ ಮೊದಲನೆಯ ದಿನಾಂಕ ಬಾಯಿಪಾಠವಾಗಿದೆ. ಎರಡನೆಯದನ್ನು ನಾವು ಹೇಳಿಕೊಟ್ಟೇ ಇಲ್ಲ.

ಆ ತಂಡದಲ್ಲಿ ಕೆಂಪಯ್ಯನವರಿದ್ದರು. ಹೊರದೇಶದ ದಾಖಲೆಗಳಲ್ಲಿ ಅವರ ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಬಗೆಯಾಗಿದೆ. ತಂದೆಯ ಹೆಸರು, ಊರಿನ ಹೆಸರು, ಸ್ವಂತ ಹೆಸರು ಇವುಗಳಲ್ಲಿ ಯಾವುದನ್ನು ಯಾವ ಕಾಲಮ್ಮಿನಲ್ಲಿ ತುಂಬಬೇಕೆಂದು ಇಲ್ಲಿನ ಪ್ರತಿ ಅರ್ಜಿಯಲ್ಲೂ ತಡವರಿಸುವ ನಮಗೆ ಇದು ಹೊಸ ಕಷ್ಟವಲ್ಲ. ಆದರೆ ಕೆಂಪಯ್ಯ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಅದು ಎಲ್ಲಿಯ ಹೆಸರೆಂದು ಕನ್ನಡಿಗರಿಗೆ ಯಾರೂ ಹೇಳಬೇಕಾಗಿಲ್ಲ.

ಬೆಂಗಳೂರಿನ ಬರಿಗಾಲು

ಒಬ್ಬ ಕೆಂಪಯ್ಯ ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಅವರ ಹಿಂದೆ ಒಂದು ನೆಲ ಸಿದ್ಧವಾಗಿರಬೇಕು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಮುಂತಾದ ಕೂಲಿಕಾರರ, ಸಣ್ಣ ನೌಕರರ ಕೇರಿಗಳಲ್ಲಿ ಅದು ಬೇರೂರಿತು. ಮನೆಮಾತು ಕನ್ನಡ, ತಮಿಳು, ಉರ್ದು, ತೆಲುಗು ಯಾವುದೇ ಇರಲಿ, ಸಂಜೆ ಮೈದಾನದಲ್ಲಿ ಎಲ್ಲರೂ ಒಂದೇ ತಂಡ. ಚೆಂಡು ದುಬಾರಿ, ಬೂಟು ಅದಕ್ಕಿಂತ ದುಬಾರಿ. ಆದ್ದರಿಂದ ಬರಿಗಾಲಿನ ಆಟವೇ ಅವರ ಶೈಲಿಯಾಯಿತು.

ಈ ನಗರದ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬೈಯ ಪ್ರಸಿದ್ಧ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ ಸೇನಾ ತುಕಡಿಗಳ ಸೊತ್ತಾಗಿತ್ತು. ಮರುವರ್ಷ, 1938ರಲ್ಲಿ, ಅದೇ ತಂಡ ಮತ್ತೆ ಗೆದ್ದಿತು.

ಅಂತರರಾಜ್ಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ 1941ರಲ್ಲಿ ಶುರುವಾಯಿತು. ಇಲ್ಲಿ ಮಕ್ಕಳಿಗೊಂದು ಮಾತು. ಈ ಸಂತೋಷ್ ಎಂಬುದು ನಮ್ಮ 'ಸಂತೋಷ' ಪದವಲ್ಲ. ಅದು ಪೂರ್ವ ಬಂಗಾಳದ ಒಂದು ಜಮೀನ್ದಾರಿಯ ಹೆಸರು. ಅಲ್ಲಿನ ಮಹಾರಾಜರಾಗಿದ್ದ ಮನ್ಮಥನಾಥ ರಾಯ್ ಚೌಧುರಿಯವರ ನೆನಪಿಗೆ ಟ್ರೋಫಿಗೆ ಆ ಹೆಸರು ಬಂತು. 1946–47ರಲ್ಲಿ ಬೆಂಗಳೂರಿನಲ್ಲಿ ನಡೆದ ಪಂದ್ಯಾವಳಿಯಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಮೊದಲ ಸಲ ಈ ಟ್ರೋಫಿ ಎತ್ತಿಹಿಡಿಯಿತು. 1952–53ರಲ್ಲಿ, ಮತ್ತೆ ಬೆಂಗಳೂರಿನಲ್ಲೇ, ಮತ್ತೆ ಬಂಗಾಳದ ವಿರುದ್ಧವೇ, ಎರಡನೆಯ ಗೆಲುವು. ಆ ಕಾಲದಲ್ಲಿ ಭಾರತದ ಫುಟ್‌ಬಾಲ್ ಎಂದರೆ ಕಲ್ಕತ್ತ, ಹೈದರಾಬಾದ್, ಮುಂಬೈಗಳ ಸಾಲಿನಲ್ಲಿ ಬೆಂಗಳೂರನ್ನೂ ಸೇರಿಸಿಯೇ ಹೇಳಬೇಕಿತ್ತು.

ಲಂಡನ್ ಮತ್ತು ಹೆಲ್ಸಿಂಕಿಯ ಪಾಠ

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಸ್ವತಂತ್ರ ಭಾರತದ ತಂಡದಲ್ಲಿ ಮೈಸೂರಿನವರ ಒಂದು ಗುಂಪೇ ಇತ್ತು. ಗೋಲ್‌ಕೀಪರ್ ಕೆಂಚಪ್ಪ ವರದರಾಜ್, ಬಷೀರ್, ರಾಮನ್, ವಜ್ರವೇಲು, ಧನರಾಜ್, ಅಹ್ಮದ್ ಖಾನ್ ಅವರಲ್ಲಿ ಮುಖ್ಯರು. ಜುಲೈ 31ರಂದು ಫ್ರಾನ್ಸ್ ವಿರುದ್ಧ ನಡೆದ ಪಂದ್ಯದಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರು. ಅದು ಒಲಿಂಪಿಕ್ಸ್‌ನಲ್ಲಿ ಭಾರತ ಗಳಿಸಿದ ಮೊದಲ ಗೋಲು. ಪಂದ್ಯ ಮುಗಿಯಲು ಇನ್ನೇನು ಒಂದು ನಿಮಿಷವಿದೆ ಎನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2–1ರಿಂದ ಗೆದ್ದಿತು.

ನಾಲ್ಕು ವರ್ಷಗಳ ನಂತರ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಭಾರತ ಯುಗೊಸ್ಲಾವಿಯಕ್ಕೆ 10–1ರಿಂದ ಸೋತಿತು. ನಮ್ಮ ಪರ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಹತ್ತು ಗೋಲು ಬಿಟ್ಟುಕೊಟ್ಟ ತಂಡದ ಚರಿತ್ರೆಯಲ್ಲೂ ಉಳಿದದ್ದು ಆ ಒಂದನ್ನು ಹೊಡೆದವರ ಹೆಸರೇ ಎಂಬುದನ್ನು ಓದುಗರು ಗಮನಿಸಬೇಕು.

ಹೆಲ್ಸಿಂಕಿಯ ಸೋಲು ಎರಡು ಪಾಠ ಕಲಿಸಿತು. ಮೊದಲನೆಯದು, ಬೂಟು ಬೇಕು. ಹಸಿ ಹುಲ್ಲಿನ ಮೇಲೆ, ಕೊರೆಯುವ ಚಳಿಯಲ್ಲಿ, ಬೂಟು ತೊಟ್ಟ ಗಟ್ಟಿ ಆಳುಗಳ ಎದುರು ಬರಿಗಾಲು ನಿಲ್ಲಲಾರದೆಂದು ಮನವರಿಕೆಯಾಗಿ, ಮುಂದೆ ಬೂಟು ಕಡ್ಡಾಯವಾಯಿತು. ಎರಡನೆಯ ಪಾಠ ಇನ್ನೂ ಆಳವಾದದ್ದು: ಚೆಂದವಾಗಿ ಆಡುವುದು ಬೇರೆ, ಗೋಲು ಬಿಡದೆ ಆಡುವುದು ಬೇರೆ. ಯುರೋಪಿನ ತಂಡಗಳ ಎದುರು ನಿಲ್ಲಬೇಕಾದರೆ ಹಿಂಬದಿ ಗಟ್ಟಿಯಾಗಬೇಕಿತ್ತು.

ಹಾಫ್ ಬ್ಯಾಕ್ ಎಂದರೆ ಯಾರು?

ಇಂದಿನ ಮಕ್ಕಳು ಸೆಂಟರ್ ಬ್ಯಾಕ್, ಡಿಫೆನ್ಸಿವ್ ಮಿಡ್‌ಫೀಲ್ಡರ್ ಎಂಬ ಮಾತುಗಳನ್ನು ಬಲ್ಲರು. ಹಳೆಯ ಕಾಲದ ವ್ಯೂಹ ಬೇರೆ. ಗೋಲ್‌ಕೀಪರನ ಮುಂದೆ ಇಬ್ಬರು ಫುಲ್ ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್ ಬ್ಯಾಕ್‌ಗಳು, ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡ್‌ಗಳು. ಬರಬರುತ್ತ ನಡುವಿನ ಹಾಫ್ ಬ್ಯಾಕ್ ಹಿಂದೆ ಸರಿದು ಮೂರನೆಯ ಬ್ಯಾಕ್ ಆದ. ಉಳಿದಿಬ್ಬರು ಹಾಫ್ ಬ್ಯಾಕ್‌ಗಳ ಹೊಣೆ ಇದರಿಂದ ಇಮ್ಮಡಿಯಾಯಿತು.

ಆ ಹೊಣೆ ಏನು? ಎದುರಾಳಿ ಚೆಂಡು ಹಿಡಿದು ಬಂದಾಗ ಮೊದಲು ಅಡ್ಡ ನಿಲ್ಲಬೇಕಾದವನು ಹಾಫ್ ಬ್ಯಾಕ್. ಚೆಂಡನ್ನು ಕಸಿದುಕೊಂಡ ಮೇಲೆ ಅದನ್ನು ತಾನೇ ಇಟ್ಟುಕೊಂಡು ಮೆರೆಯುವಂತಿಲ್ಲ. ಮುಂದಿನವನಿಗೆ ಹದವಾಗಿ ತಲುಪಿಸಬೇಕು. ತಲುಪಿಸಿದೊಡನೆ ಓಡಿ ಬಂದು ಮತ್ತೆ ತನ್ನ ಜಾಗದಲ್ಲಿ ನಿಲ್ಲಬೇಕು, ಏಕೆಂದರೆ ಮುಂದಿನವನು ಚೆಂಡು ಕಳೆದುಕೊಂಡರೆ ಎದುರಾಳಿ ಬರುವುದು ಅದೇ ದಾರಿಯಲ್ಲಿ. ಗೋಲು ಬಿದ್ದರೆ ಎಲ್ಲರೂ ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ. ಆ ಚೆಂಡು ಎಲ್ಲಿಂದ ಹೊರಟಿತೆಂದು ಕೇಳುವವರು ಕಡಿಮೆ. ಇನ್ನು ಹಿಂಬದಿಯವರ ಹೆಸರು ಸ್ಕೋರ್ ಪಟ್ಟಿಯಲ್ಲಿ ಬರುವ ಪ್ರಸಂಗ ಬಹುಮಟ್ಟಿಗೆ ಒಂದೇ. ಚೆಂಡು ತಡೆಯಲು ಹೋಗಿ ತಮ್ಮದೇ ಬಲೆಗೆ ಹಾಕಿಬಿಟ್ಟಾಗ!

ಕೆಂಪಯ್ಯನವರು ಆರಿಸಿಕೊಂಡದ್ದು, ಅಥವಾ ಅವರನ್ನು ಆರಿಸಿಕೊಂಡದ್ದು, ಈ ಸ್ಥಾನ.

ಮೆಲ್ಬರ್ನ್

1956ರ ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಿಕ್ಷಕರಾಗಿದ್ದವರು. ಎಲ್ಲರಿಗೂ ರಹೀಂ ಸಾಹೇಬರು. ನಾಯಕ ಬಂಗಾಳದ ಸಮರ್ (ಬದ್ರು) ಬ್ಯಾನರ್ಜಿ. ಪಿ. ಕೆ. ಬ್ಯಾನರ್ಜಿ, ತುಳಸೀದಾಸ್ ಬಲರಾಮ್, ನೆವಿಲ್ ಡಿಸೋಜ, ಪೀಟರ್ ತಂಗರಾಜ್ ಮುಂತಾದ ಹೆಸರುಗಳು ಇಂದಿಗೂ ಕೇಳಿಬರುತ್ತವೆ. ಹಿಂಬದಿಯಲ್ಲಿ ಅಜೀಜುದ್ದೀನ್, ಅಬ್ದುಲ್ ರಹಮಾನ್, ಲತೀಫ್, ನೂರ್ ಮಹಮ್ಮದ್, ಅಹ್ಮದ್ ಹುಸೇನ್, ನಿಖಿಲ್ ನಂದಿ, ಅವರೊಂದಿಗೆ ನಮ್ಮ ಕೆಂಪಯ್ಯ. ಈ ಎರಡನೆಯ ಸಾಲಿನ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಮೊದಲ ಸುತ್ತಿನಲ್ಲಿ ಎದುರಾಗಬೇಕಿದ್ದ ಹಂಗೆರಿ ತಂಡ ಬರಲಿಲ್ಲ. ಹೀಗಾಗಿ ನೇರವಾಗಿ ಕ್ವಾರ್ಟರ್ ಫೈನಲ್. ಆಸ್ಟ್ರೇಲಿಯದ ಮೇಲೆ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯದ ಆಟಗಾರನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಡಿಸೆಂಬರ್ 4ರಂದು ಸೆಮಿಫೈನಲ್. ಎದುರಾಳಿ ಅದೇ ಯುಗೊಸ್ಲಾವಿಯ, ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದವರು.

ಆ ದಿನ ಮೊದಲರ್ಧ ಮುಗಿದಾಗ ಸ್ಕೋರು 0–0. ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಡಿಸೋಜ ಗೋಲು ಹೊಡೆದು ಭಾರತಕ್ಕೆ ಮುನ್ನಡೆ ತಂದರು. ಆಮೇಲೆ ಕೆಲವೇ ನಿಮಿಷಗಳಲ್ಲಿ ಯುಗೊಸ್ಲಾವಿಯ ಪಂದ್ಯವನ್ನು ತಿರುಗಿಸಿತು. ಅಂತಿಮ ಸ್ಕೋರು 4–1. ನಾಲ್ಕನೆಯದು ನಮ್ಮವರ ಕಾಲಿನಿಂದಲೇ ನಮ್ಮ ಬಲೆಗೆ ಹೋದದ್ದು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯ 3–0ರಿಂದ ಗೆದ್ದಿತು. ಭಾರತಕ್ಕೆ ನಾಲ್ಕನೆಯ ಸ್ಥಾನ.

ಪುಸ್ತಕಗಳು ಈ ಪಂದ್ಯಾವಳಿಯನ್ನು ಡಿಸೋಜ ಅವರ ಹ್ಯಾಟ್ರಿಕ್‌ನ ಮೂಲಕ ನೆನೆಯುತ್ತವೆ. ಅದು ನ್ಯಾಯವೇ. ಆದರೆ ಹೆಲ್ಸಿಂಕಿಯ 10–1ರಿಂದ ಮೆಲ್ಬರ್ನ್‌ನ ವಿರಾಮದ ವೇಳೆಯ 0–0ವರೆಗಿನ ದೂರವನ್ನು ಕ್ರಮಿಸಿದವರು ಮುಖ್ಯವಾಗಿ ಹಿಂಬದಿಯವರು. ಆ ಮೊದಲರ್ಧದ 45 ನಿಮಿಷಗಳ ಬಗ್ಗೆ ಸ್ಕೋರ್ ಪಟ್ಟಿಯಲ್ಲಿ ಬರೆಯಲು ಏನೂ ಇಲ್ಲ. ಏನೂ ಇಲ್ಲದಂತೆ ನೋಡಿಕೊಂಡದ್ದೇ ಅವರ ಸಾಧನೆ.

ಹೊಟ್ಟೆಪಾಡಿನ ದಾರಿ: ಕಲ್ಕತ್ತ

ಮೈಸೂರಿನ ಆಟಗಾರರು ಕಲಿತದ್ದು ಬೆಂಗಳೂರಿನಲ್ಲಿ. ಹೆಸರು ಮಾಡಿದ್ದು ಬಹುಪಾಲು ಕಲ್ಕತ್ತದಲ್ಲಿ. ಅಹ್ಮದ್ ಖಾನ್ ಮತ್ತು ಧನರಾಜ್ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಸಾಲೆ ಅವರೊಡನೆ ಸೇರಿ 'ಪಂಚಪಾಂಡವರು' ಎಂದು ಕರೆಸಿಕೊಂಡರು. ಅಂದರೆ ಬಂಗಾಳದ ಜನ ಕೊಂಡಾಡಿದ ಆ ಐವರು ಫಾರ್ವರ್ಡ್‌ಗಳಲ್ಲಿ ಇಬ್ಬರು ಬೆಂಗಳೂರಿನವರು. ಮುಂದೆ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಬೆಂಗಳೂರಿನ ಅರುಮೈನಾಯಗಂ ಅವರು ಮೋಹನ್ ಬಾಗಾನ್ ಪರ ಆಡಿದರು. ಕೆಂಪಯ್ಯನವರೂ ಮೋಹನ್ ಬಾಗಾನಿನವರೇ.

ಇದನ್ನು ಜೆಬೆಲ್ ಅಲಿಯಲ್ಲಿ ಕುಳಿತು ಓದುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆ ಕಾಲದಲ್ಲಿ ಫುಟ್‌ಬಾಲ್ ಪೂರ್ಣ ಪ್ರಮಾಣದ ಸಂಬಳದ ವೃತ್ತಿಯಲ್ಲ. ಆಟಗಾರರಿಗೆ ಆಧಾರವಾಗುತ್ತಿದ್ದುದು ನೌಕರಿ. ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪನೆಯಾದ ಎಚ್‌ಎಎಲ್, 1948ರ ಐಟಿಐ ಮೊದಲಾದ ಕಾರ್ಖಾನೆಗಳು ತಮ್ಮದೇ ತಂಡ ಕಟ್ಟಿ, ಆಟ ಬಲ್ಲ ಹುಡುಗರಿಗೆ ಕೆಲಸ ಕೊಟ್ಟವು. ಅದನ್ನೂ ಮೀರಿ ದೊಡ್ಡ ಮೈದಾನ, ದೊಡ್ಡ ಜನಸಂದಣಿ, ದೊಡ್ಡ ಹೆಸರು ಬೇಕೆಂದರೆ ರೈಲು ಹತ್ತಿ ಕಲ್ಕತ್ತಕ್ಕೆ ಹೋಗಬೇಕಿತ್ತು. ಅಲ್ಲಿ ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ಊರಿನ ಸುದ್ದಿ ಕಾಗದದಲ್ಲಿ ಬರಬೇಕು. ಸಂತೋಷ್ ಟ್ರೋಫಿಯಲ್ಲಿ ಮೈಸೂರಿಗೂ ಬಂಗಾಳಕ್ಕೂ ಮತ್ತೆ ಮತ್ತೆ ಫೈನಲ್ ನಡೆಯುತ್ತಿದ್ದ ವರ್ಷಗಳು ಅವು. 1953–54, 1955–56, 1962–63ರ ಫೈನಲ್‌ಗಳಲ್ಲಿ ಬಂಗಾಳ ಗೆದ್ದು ಮೈಸೂರು ಸೋತಿತು. ಮೈಸೂರಿನ ನೆಲದಲ್ಲಿ ಬೆಳೆದ ಆಟ ಹೀಗೆ ಕಲ್ಕತ್ತದ ಕ್ಲಬ್ಬುಗಳ ಕಪಾಟುಗಳನ್ನೂ ತುಂಬಿತು.

ನಮ್ಮ ಬಳಗದ ಹಿರಿಯರು 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆದ ಕಾಲದ ಕಥೆಗಳನ್ನು ಹೇಳುವಾಗ ಇಂಥದೇ ಮಾತುಗಳು ಬರುತ್ತವೆ. ಮರಳು, ಕ್ರೇನು, ಕಾಗದಕ್ಕಾಗಿ ಕಾಯುವ ವಾರಗಳು. ಹಡಗು ಬಂತು, ಸರಕು ಇಳಿಯಿತು ಎಂಬುದು ಲೆಕ್ಕದ ಪುಸ್ತಕದಲ್ಲಿರುತ್ತದೆ. ರಾತ್ರಿ ಪಾಳಿಯಲ್ಲಿ ಯಾವ ಅವಘಡವೂ ಆಗದಂತೆ ನೋಡಿಕೊಂಡವರ ಹೆಸರು ಆ ಪುಸ್ತಕದಲ್ಲಿ ಇರುವುದಿಲ್ಲ.

ರೋಮ್: ಕೂದಲೆಳೆಯ ಅಂತರ

1960ರಲ್ಲಿ ಕೆಂಪಯ್ಯ ಮತ್ತೆ ಒಲಿಂಪಿಕ್ಸ್ ತಂಡದಲ್ಲಿದ್ದರು. ನಾಯಕ ಪಿ. ಕೆ. ಬ್ಯಾನರ್ಜಿ, ತರಬೇತುದಾರರು ಮತ್ತೆ ರಹೀಂ ಸಾಹೇಬರು. ಭಾರತ ಬಿದ್ದ ಗುಂಪು ಕಠಿಣವಾದದ್ದು: ಹಂಗೆರಿ, ಫ್ರಾನ್ಸ್, ಪೆರು. ಹಂಗೆರಿಯ ಎದುರು 2–1ರ ಸೋಲು. ನಮ್ಮ ಗೋಲು ಬಲರಾಮ್ ಅವರದು. ಫ್ರಾನ್ಸ್ ಎದುರು 1–1ರ ಸಮಬಲ. ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದರು. ಪೆರು ಎದುರು 3–1ರ ಸೋಲು. ಆ ಒಂದು ಗೋಲು ಸೈಮನ್ ಸುಂದರರಾಜ್ ಅವರದು.

ಪದಕದ ಲೆಕ್ಕದಲ್ಲಿ ಇದು ಸೊನ್ನೆ. ಆದರೆ ಈ ಮೂರು ಅಂಕಿಗಳನ್ನು ಹೆಲ್ಸಿಂಕಿಯ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಹಂಗೆರಿ ಆ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡ. ಅದು ನಮ್ಮ ಮೇಲೆ ಹೊಡೆದದ್ದು ಎರಡೇ ಗೋಲು. ಎಂಟು ವರ್ಷಗಳಲ್ಲಿ ಹತ್ತು ಎರಡಾಗಿತ್ತು. 1948ರಲ್ಲಿ ಕೊನೆಯ ನಿಮಿಷದಲ್ಲಿ ನಮ್ಮನ್ನು ಸೋಲಿಸಿದ ಫ್ರಾನ್ಸ್ ಈ ಸಲ ಸೋಲಿಸಲಾಗಲಿಲ್ಲ. ಭಾರತದ ಫುಟ್‌ಬಾಲ್ ತಂಡ ಆಮೇಲೆ ಇಂದಿನವರೆಗೂ ಒಲಿಂಪಿಕ್ಸ್ ತಲುಪಿಲ್ಲ. ಹೀಗಾಗಿ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಕಾವಲು ನಿಂತ ಕೊನೆಯ ತಂಡದಲ್ಲಿ ಒಬ್ಬ ಕೆಂಪಯ್ಯನಿದ್ದ ಎಂಬುದು ನಮ್ಮ ನಾಡಿನ ಚರಿತ್ರೆಯ ಒಂದು ಸಾಲು. ಅದು ಅಳಿಯಬಾರದು.

ಮೆಲ್ಬರ್ನ್ ತಂಡದ ಹಿಂಬದಿಯ ಇನ್ನೊಬ್ಬರ ಮಾತನ್ನೂ ಇಲ್ಲಿಯೇ ಹೇಳಬೇಕು. ಸೆಂಟರ್ ಹಾಫ್ ಅಹ್ಮದ್ ಹುಸೇನ್ ಹುಟ್ಟಿದ್ದು ಹೈದರಾಬಾದಿನಲ್ಲಿ. ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 2021ರ ಏಪ್ರಿಲ್‌ನಲ್ಲಿ, ಕೋವಿಡ್‌ನ ಎರಡನೆಯ ಅಲೆಯ ದಿನಗಳಲ್ಲಿ, ಅವರು ಅಲ್ಲಿಯೇ ತೀರಿಕೊಂಡರು. ನಮ್ಮಲ್ಲಿ ಅನೇಕರು ಊರಿನ ಆಸ್ಪತ್ರೆಗಳಿಂದ ಬರುವ ಕರೆಗೆ ಇಲ್ಲಿ ಫೋನ್ ಹಿಡಿದು ಕುಳಿತಿದ್ದ ವಾರಗಳು ಅವು. ಆ ನೂರಾರು ಸುದ್ದಿಗಳ ನಡುವೆ ಒಬ್ಬ ಒಲಿಂಪಿಯನ್ನನ ಸುದ್ದಿ ನಮ್ಮ ಕಣ್ಣಿಗೆ ಬೀಳಲಿಲ್ಲ. ವಾರ್ತಾಪತ್ರದಲ್ಲಿ ನಾಲ್ಕು ಸಾಲು ಬರೆಯುವುದೂ ನಮ್ಮಿಂದಾಗಲಿಲ್ಲ. ಇಂದು ಬರೆದಿದ್ದೇವೆ.

54 ವರ್ಷಗಳ ನಂತರ, ಕೊಲ್ಲಿಯಲ್ಲಿ

ಮೈಸೂರು 1967–68ರಲ್ಲಿ ಮತ್ತು ಮರುವರ್ಷ 1968–69ರಲ್ಲಿ ಬಂಗಾಳವನ್ನೇ ಸೋಲಿಸಿ ಮೂರನೆಯ, ನಾಲ್ಕನೆಯ ಸಲ ಸಂತೋಷ್ ಟ್ರೋಫಿ ಗೆದ್ದಿತು. ಅನಂತರ ದೀರ್ಘ ಮೌನ. ರಾಜ್ಯದ ಹೆಸರು ಬದಲಾಯಿತು, ಕ್ರಿಕೆಟ್ ಮನೆಮನೆಯ ಆಟವಾಯಿತು. ಗೌತಮಪುರದಂಥ ಕೇರಿಗಳು ಮಾತ್ರ ಫುಟ್‌ಬಾಲನ್ನು ಬಿಡಲಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಕಂಠೀರವ ಕ್ರೀಡಾಂಗಣದಲ್ಲಿ ಜನ ತುಂಬಿದ ಮೇಲೆ ನಮ್ಮ ಮಕ್ಕಳಿಗೆ ಬೆಂಗಳೂರಿನ ಫುಟ್‌ಬಾಲ್ ಗೊತ್ತಾಯಿತು. ಅದು ಅಂದೇ ಶುರುವಾಯಿತೆಂದು ಅವರು ತಿಳಿದಿದ್ದರೆ ತಪ್ಪು ಅವರದಲ್ಲ.

2023ರ ಮಾರ್ಚ್ 4ರಂದು ಮೌನ ಮುರಿಯಿತು. ಸಂತೋಷ್ ಟ್ರೋಫಿಯ ಕೊನೆಯ ಹಂತದ ಪಂದ್ಯಗಳು ಮೊದಲ ಬಾರಿಗೆ ಭಾರತದ ಹೊರಗೆ, ಸೌದಿ ಅರೇಬಿಯದ ರಿಯಾದ್‌ನಲ್ಲಿ, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ನಡೆದವು. ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3–1ರಿಂದ ಸೋಲಿಸಿದ ಕರ್ನಾಟಕ, ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿತು. 54 ವರ್ಷಗಳ ನಂತರ ಟ್ರೋಫಿ ಕನ್ನಡ ನಾಡಿಗೆ ಮರಳಿತು, ಅದೂ ನಮ್ಮ ನೆರೆಯ ಮರುಭೂಮಿಯಿಂದ. ಅಂದು ರಾತ್ರಿ ನಮ್ಮ ಮನೆಗಳಲ್ಲಿ ಸಿಹಿ ಹಂಚಿದ್ದು ಎಲ್ಲರಿಗೂ ನೆನಪಿರಬಹುದು.

ಆ ಫೈನಲ್‌ನ ಸ್ಕೋರ್ ಪಟ್ಟಿಯನ್ನು ಈ ಲೇಖನಕ್ಕಾಗಿ ಮತ್ತೊಮ್ಮೆ ನೋಡಿದೆವು. ಕರ್ನಾಟಕದ ಪರ ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್ ಗೋಲು ಹೊಡೆದರು. ಮೂರೂ ಮೊದಲರ್ಧದಲ್ಲೇ ಆದವು. ಸುಮಾರು 60ನೇ ನಿಮಿಷದಲ್ಲಿ ಮೇಘಾಲಯ ತನ್ನ ಎರಡನೆಯ ಗೋಲು ಹೊಡೆದು ಅಂತರವನ್ನು ಒಂದಕ್ಕೆ ಇಳಿಸಿತು. ಅಲ್ಲಿಂದ ಮುಂದೆ ಪಟ್ಟಿಯಲ್ಲಿ ಗೋಲುಗಳಿಲ್ಲ. ಸುಮಾರು ಅರ್ಧ ಗಂಟೆ ಕಾಲ ಒಂದೇ ಒಂದು ಗೋಲಿನ ಮುನ್ನಡೆಯನ್ನು ಹಿಡಿದುಕೊಂಡು, 54 ವರ್ಷಗಳ ಭಾರವನ್ನು ಹೊತ್ತು, ಹಿಂಬದಿಯ ಹುಡುಗರೂ ಗೋಲ್‌ಕೀಪರನೂ ನಿಂತಿದ್ದರು. ಆ ಅರ್ಧ ಗಂಟೆ ಅವರದು. ಅಂದು ನಾವು ಬರೆದ ಅಭಿನಂದನೆಯ ಟಿಪ್ಪಣಿಯಲ್ಲಿ ಗೋಲು ಹೊಡೆದ ಮೂವರ ಹೆಸರಿತ್ತು. ಉಳಿದವರು 'ಇಡೀ ತಂಡಕ್ಕೆ ಅಭಿನಂದನೆಗಳು' ಎಂಬ ಒಂದು ಮಾತಿನೊಳಗೆ ಅಡಗಿದ್ದರು.

ನಮ್ಮ ಪಾಲಿನ ಕೆಲಸ

ಚರಿತ್ರೆ ಎಂದರೆ ದೊಡ್ಡ ಕಚೇರಿಗಳಲ್ಲಿ ಮಾತ್ರ ಬರೆಯುವಂಥದೆಂದು ನಾವು ತಿಳಿದಿರುತ್ತೇವೆ. ಆದರೆ ಯಾರ ಹೆಸರು ಉಳಿಯಬೇಕೆಂಬ ತೀರ್ಮಾನ ಸಣ್ಣ ಕಡೆಗಳಲ್ಲೇ ಮೊದಲು ಆಗುತ್ತದೆ. ಪಂದ್ಯದ ಸಂಜೆ ಯಾರೋ ಒಬ್ಬ ಸ್ವಯಂಸೇವಕ ಅವಸರದಲ್ಲಿ ಬರೆಯುವ ಆರು ಸಾಲಿನ ವರದಿಯಲ್ಲಿ, ಶಾಲೆಯ ಗೋಡೆಯ ಚಿತ್ರದ ಕೆಳಗಿನ ಹೆಸರುಗಳಲ್ಲಿ, ಸಂಘದ ವಾರ್ತಾಪತ್ರದಲ್ಲಿ. ಅಲ್ಲಿ ಬಿಟ್ಟುಹೋದ ಹೆಸರನ್ನು ಅರವತ್ತು ವರ್ಷಗಳ ನಂತರ ಹುಡುಕುವುದು ಬಹಳ ಕಷ್ಟ. ಗೋಲು ಹೊಡೆದವರನ್ನು ಅಂಕಿಗಳೇ ಕಾಪಾಡುತ್ತವೆ. ಕಾವಲು ನಿಂತವರನ್ನು ಯಾರಾದರೂ ಮನಸ್ಸು ಮಾಡಿ ಬರೆದರೆ ಮಾತ್ರ ಉಳಿಯುತ್ತಾರೆ.

ಆದ್ದರಿಂದ ಸಂಪಾದಕ ಬಳಗ ಮೂರು ನಿರ್ಧಾರಗಳನ್ನು ಮಾಡಿದೆ. ಒಂದು, ಈ ಸಂಚಿಕೆಯಿಂದ ಮಕ್ಕಳ ಪಂದ್ಯಗಳ ವರದಿಯಲ್ಲಿ ಆಡಿದ ಎಲ್ಲರ ಹೆಸರನ್ನೂ ಅವರವರ ಸ್ಥಾನದೊಡನೆ ಪ್ರಕಟಿಸುತ್ತೇವೆ, ಗೋಲ್‌ಕೀಪರಿನಿಂದ ಆರಂಭಿಸಿ. ಎರಡು, ಈ ಸಲದ ರಾಜ್ಯೋತ್ಸವದ ರಸಪ್ರಶ್ನೆಯಲ್ಲಿ 1956ರ ಡಿಸೆಂಬರ್ 1ರ ಬಗೆಗೂ ಒಂದು ಪ್ರಶ್ನೆ ಇರುತ್ತದೆ. ಉತ್ತರ ಈ ಲೇಖನದಲ್ಲಿದೆ, ತಾಯ್ತಂದೆಯರು ಹೇಳಿಕೊಡಬಹುದು. ಮೂರು, ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಎಚ್‌ಎಎಲ್, ಐಟಿಐ ಅಥವಾ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಕೋಲಾರದ ಯಾವುದೇ ತಂಡದಲ್ಲಿ ಆಡಿದ್ದರೆ ಅವರ ನೆನಪುಗಳನ್ನು ಬರೆಯಿಸಿ ಕಳುಹಿಸಿ. ಹಳೆಯ ಛಾಯಾಚಿತ್ರವಿದ್ದರೆ ಅದರ ಹಿಂದೆ ಹೆಸರುಗಳನ್ನು ಇಂದೇ ಬರೆದಿಡಿ. ಅಜ್ಜ ಇರುವಾಗ ಕೇಳಿದರೆ ಹನ್ನೊಂದು ಹೆಸರೂ ಸಿಗುತ್ತವೆ.

ಲೇಖನದ ಆರಂಭದಲ್ಲಿ ಹೇಳಿದ ಹುಡುಗನಿಗೆ ಕಳೆದ ವಾರ ಅಭ್ಯಾಸ ಮುಗಿದ ಮೇಲೆ ಕೆಂಪಯ್ಯನವರ ಕಥೆ ಹೇಳಿದೆವು. ಹತ್ತು ಗೋಲು ಎರಡಾದ ಲೆಕ್ಕವನ್ನು ಅವನು ಬೆರಳಲ್ಲಿ ಎಣಿಸಿ, "ಎಂಟು ಗೋಲು ಉಳಿಸಿದರಾ?" ಎಂದು ಕೇಳಿದ. ಎರಡೂ ಬೇರೆ ಬೇರೆ ಪಂದ್ಯಗಳು, ಬೇರೆ ಬೇರೆ ಎದುರಾಳಿಗಳು, ಲೆಕ್ಕ ಅಷ್ಟು ಸರಳವಲ್ಲ ಎಂದೆವು. ಅವನು ಒಪ್ಪಲಿಲ್ಲ. ಮುಂದಿನ ಪಂದ್ಯದಲ್ಲಿ ತಾನು ಎಷ್ಟು ಸಲ ಚೆಂಡು ತಡೆದೆನೆಂಬುದನ್ನು ಯಾರಾದರೂ ಎಣಿಸಬೇಕೆಂದು ಕೇಳಿಕೊಂಡಿದ್ದಾನೆ. ಎಣಿಸುವುದಾಗಿ ಮಾತು ಕೊಟ್ಟಿದ್ದೇವೆ. ಶನಿವಾರ ಸಂಜೆ ಮೈದಾನಕ್ಕೆ ಬರುವ ಸದಸ್ಯರು ಒಂದು ಪೆನ್ನು ತಂದರೆ ಉಪಕಾರವಾಗುತ್ತದೆ.

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು.

ಸಿರಿಗನ್ನಡಂ ಗೆಲ್ಗೆ.